ಗೃಹಸ್ಥನ ಸೊತ್ತು ಮತ್ತು ಅದರ ಮುಂದಿನ ವ್ಯವಸ್ಥೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಭಕ್ತ ಸಮಾವೇಶದಲ್ಲಿ ಮಾಡಿದ ಉಪನ್ಯಾಸ)



ಇಂತಹ ಪುಣ್ಯಸಮಯದಲ್ಲಿ ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳ ವಿಚಾರವನ್ನು ಕೇಳಬೇಕೆಂದು ಬಂದವರಿಗೆ ಹೊಲ, ಮನೆ, ಒಡವೆ, ಸಾಲಗಳ ಮಾತು ಒಡನೆಯೇ ರುಚಿಸಲಾರದು. ಆದರೂ ಗೃಹಸ್ಥನಾದ ಭಕ್ತನಿಗೆ ಇದಕ್ಕಿಂತ ಸಮೀಪದ ವಿಷಯವು ಬೇರೊಂದಿಲ್ಲ. ಸತ್ಯಶುದ್ಧವಾದ ಕಾಯಕದಿಂದ ಗಳಿಸಬೇಕು, ಗಳಿಸಿದುದನ್ನು ಸತ್ಪಾತ್ರಕ್ಕೆ ಸಲ್ಲಿಸಬೇಕು ಎಂಬುದು ಶರಣಮಾರ್ಗದ ಮೊದಲ ಪಾಠ. ಗಳಿಸುವಾಗ ತೋರಿದ ಆ ಶುದ್ಧಿಯನ್ನು ಬಿಟ್ಟುಹೋಗುವಾಗಲೂ ತೋರದಿದ್ದರೆ ಆ ಪಾಠವು ಅರ್ಧಕ್ಕೆ ನಿಂತಂತಾಗುವುದು.

ಮಗಳ ಮದುವೆಗೆ ಆರು ತಿಂಗಳ ಮುಂಚಿತವಾಗಿಯೇ ಅಕ್ಕಿ ಬೇಳೆಗಳ ಲೆಕ್ಕ ಹಾಕುವ ಯಜಮಾನನು, ಬಿತ್ತನೆಗೆ ಮುನ್ನ ಬೀಜವನ್ನು ಆರಿಸಿ ಬೇರೆ ತೆಗೆದಿಡುವ ಒಕ್ಕಲಿಗನು, ತಾನಿಲ್ಲದ ದಿವಸ ತನ್ನ ಮನೆಯ ಗತಿಯೇನೆಂಬ ಲೆಕ್ಕವನ್ನು ಮಾತ್ರ ಹಾಕುವುದಿಲ್ಲ. ಅದರ ಮಾತೆತ್ತುವುದೇ ಅಪಶಕುನವೆಂದು ಬಗೆಯುತ್ತಾನೆ. ಮಕ್ಕಳು ಕೇಳಿದರೆ, ‘ಅಪ್ಪ ಯಾವಾಗ ಹೋಗುವನೆಂದು ಕಾಯುತ್ತಿದ್ದಾರೆ’ ಎಂಬ ಮಾತು ಬರುವುದೆಂದು ಅವರೂ ಬಾಯಿ ಬಿಡುವುದಿಲ್ಲ. ಹೀಗೆ ಎಲ್ಲರೂ ಮೌನವಾಗಿರುವಾಗಲೇ ಯಜಮಾನನು ಲಿಂಗೈಕ್ಯನಾಗುತ್ತಾನೆ. ಶಿವಗಣಾರಾಧನೆಯ ಎಲೆಗಳನ್ನು ಎತ್ತುವುದರೊಳಗಾಗಿ ಪಡಸಾಲೆಯಲ್ಲಿ ಅಣ್ಣತಮ್ಮಂದಿರ ಧ್ವನಿಯು ಏರುತ್ತದೆ. ಅಂದು ಆರಂಭವಾದ ಮಾತು ಕೋರ್ಟಿನ ಮೆಟ್ಟಿಲೇರಿ, ಇಪ್ಪತ್ತು ವರ್ಷಗಳ ತರುವಾಯ ಮೊಮ್ಮಕ್ಕಳ ಕಾಲದಲ್ಲಿ ಮುಗಿದರೆ ಅದೇ ಪುಣ್ಯ. ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬ ಗಾದೆಯುಂಟು. ಗೃಹಸ್ಥನ ಮಟ್ಟಿಗೆ ಆ ಗಾದೆಯ ಅರ್ಥವು ಅವನ ಮನೆಯ ಪಡಸಾಲೆಯಲ್ಲಿಯೇ ಕಂಡುಬರುತ್ತದೆ.

ಸೊತ್ತಿನ ಹಂಚಿಕೆಯ ಶಾಸ್ತ್ರವು ಕನ್ನಡ ನಾಡಿಗೆ ಪರಕೀಯವಾದುದಲ್ಲ. ಭರತಖಂಡದ ಬಹುಭಾಗದಲ್ಲಿ ಶತಮಾನಗಳವರೆಗೆ ಹಿಂದೂ ಕುಟುಂಬಗಳ ಆಸ್ತಿಯನ್ನು ಆಳಿದ ಮಿತಾಕ್ಷರವೆಂಬ ಗ್ರಂಥವು ಕಲ್ಯಾಣದಲ್ಲಿಯೇ ಹುಟ್ಟಿತು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ಅಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಅದು. ಪಿತ್ರಾರ್ಜಿತ ಸೊತ್ತಿನಲ್ಲಿ ಮಗನಿಗೆ ಹುಟ್ಟಿದೊಡನೆಯೇ ಹಕ್ಕುಂಟು. ತಂದೆಯು ಅದಕ್ಕೆ ಏಕಮಾತ್ರ ಒಡೆಯನಲ್ಲ, ಮುಖಂಡನು ಮಾತ್ರ ಎಂಬುದು ಅದರ ಜೀವಾಳ. ಈ ಏರ್ಪಾಡಿನಿಂದ ಮನೆತನದ ಭೂಮಿಯು ಒಬ್ಬನ ದುಂದುಗಾರಿಕೆಯಿಂದ ಹಾಳಾಗದಂತೆ ಉಳಿಯಿತು. ಆದರೆ ಹುಟ್ಟಿನ ಹಕ್ಕು ಗಂಡುಸಂತಾನಕ್ಕೆ ಮಾತ್ರ ಸಂದಿತು. ಮಗಳಿಗೆ ಮದುವೆಯ ಖರ್ಚು, ವಿಧವೆಗೆ ಅನ್ನಬಟ್ಟೆ. ಇಷ್ಟಕ್ಕೇ ಅವರ ಪಾಲು ಮುಗಿಯಿತು.

ಅದೇ ಕಲ್ಯಾಣದಲ್ಲಿ ಮುಂದೆ ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಪ್ರಮಥರು ಹೆಣ್ಣುಗಂಡೆಂಬ ಭೇದವನ್ನು ಅಲ್ಲಗಳೆದು, ಶರಣೆಯರಿಗೆ ಅನುಭಾವದ ಗೋಷ್ಠಿಯಲ್ಲಿ ಸಮಾನವಾದ ಸ್ಥಾನವನ್ನು ಕೊಟ್ಟರು. ಲಿಂಗದೀಕ್ಷೆಯಲ್ಲಿ ಸಮಾನಳಾದ ಹೆಣ್ಣುಮಗಳು ಹೊಲದ ಪಾಲಿನಲ್ಲಿ ಮಾತ್ರ ಹೊರಗಿನವಳಾಗಿಯೇ ಉಳಿದಳೆಂಬುದು ಚಿಂತಿಸಬೇಕಾದ ಸಂಗತಿ. ಆಚಾರವು ಒಂದು ದಾರಿಯಲ್ಲಿಯೂ ವ್ಯವಹಾರವು ಇನ್ನೊಂದು ದಾರಿಯಲ್ಲಿಯೂ ಎಂಟು ನೂರು ವರ್ಷ ನಡೆದವು.

ಈ ಅಂತರವನ್ನು ಕಡಿಮೆ ಮಾಡುವ ಪ್ರಯತ್ನವು ಮೈಸೂರು ಸಂಸ್ಥಾನದಲ್ಲಿ ಆಯಿತು. 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು, ಮನೆಯಲ್ಲಿ ಪಾಲಾಗುವ ಕಾಲಕ್ಕೆ ವಿಧವೆ, ತಾಯಿ ಮತ್ತು ಅವಿವಾಹಿತ ಹೆಣ್ಣುಮಕ್ಕಳಿಗೂ ಒಂದಂಶ ದೊರೆಯುವಂತೆ ಮಾಡಿತು. ಬ್ರಿಟಿಷರ ನೇರ ಆಡಳಿತಕ್ಕೆ ಒಳಪಟ್ಟಿದ್ದ ಪ್ರದೇಶಗಳಲ್ಲಿ 1937ರ ಕಾಯಿದೆಯು ವಿಧವೆಗೆ ಗಂಡನ ಸೊತ್ತಿನಲ್ಲಿ ಪಾಲು ಕೊಟ್ಟಿತಾದರೂ, ಅದು ಆಕೆಯು ಜೀವವಿರುವವರೆಗೆ ಅನುಭವಿಸತಕ್ಕ ಸೀಮಿತ ಹಕ್ಕಾಗಿತ್ತು. ಸ್ವಾತಂತ್ರ್ಯಾನಂತರ 1956ನೆಯ ಇಸವಿ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯಿದೆಯು ಬಂದಿತು. ಈ ಕಾಯಿದೆಯ ಎರಡನೆಯ ಕಲಮಿನಲ್ಲಿಯೇ ವೀರಶೈವರೂ ಲಿಂಗಾಯತರೂ ಹೆಸರಿಸಲ್ಪಟ್ಟಿರುವುದರಿಂದ, ಇದು ತಮಗೆ ಅನ್ವಯಿಸುವುದೋ ಇಲ್ಲವೋ ಎಂಬ ಸಂದೇಹಕ್ಕೆ ಭಕ್ತರಲ್ಲಿ ಎಡೆಯಿಲ್ಲ. ಹೆಣ್ಣಿನ ಕೈಯಲ್ಲಿದ್ದ ಸೀಮಿತ ಹಕ್ಕು ಇದರ ಹದಿನಾಲ್ಕನೆಯ ಕಲಮಿನಿಂದ ಪೂರ್ಣ ಒಡೆತನವಾಯಿತು. ಕರ್ನಾಟಕವು 1994ರ ಜುಲೈ 30ರಿಂದ, ಅಂದಿಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕನ್ನು ಕೊಟ್ಟಿತು. 2005ನೆಯ ಇಸವಿ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು, ಮದುವೆಯಾಗಿರಲಿ ಆಗದಿರಲಿ, ಮಗಳು ಮಗನಂತೆಯೇ ಹುಟ್ಟಿನಿಂದ ಪಾಲುಗಾರಳೆಂದು ಇಡೀ ದೇಶಕ್ಕೆ ಸಾರಿತು. ಆ ದಿವಸ ತಂದೆಯು ಬದುಕಿರಲೇಬೇಕೇ ಎಂಬ ವಾದವು ಹದಿನೈದು ವರ್ಷ ನಡೆದು, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಬೇಕಾದುದಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದುದು ಎಂದು ತೀರ್ಮಾನಿಸಿತು. ಕಲ್ಯಾಣದ ಶಾಸ್ತ್ರವು ಮಗನಿಗೆ ಕೊಟ್ಟ ಮಾತು ಹೀಗೆ ಮಗಳಿಗೂ ಸಂದಿತು.

ಇನ್ನು ಮನೆಯ ಲೆಕ್ಕಕ್ಕೆ ಬರುವುದು ಯುಕ್ತ. ಸೊತ್ತಿನಲ್ಲಿ ಎರಡು ಬಗೆಗಳುಂಟು: ತಾನೇ ದುಡಿದು ಗಳಿಸಿದ ಸ್ವಯಾರ್ಜಿತ, ಹಿರಿಯರಿಂದ ಬಂದ ಪಿತ್ರಾರ್ಜಿತ. ಒಬ್ಬ ಗೃಹಸ್ಥನು ಸ್ವಂತ ದುಡಿಮೆಯಿಂದ 10 ಎಕರೆ ಹೊಲವನ್ನು ಕೊಂಡಿರುವನೆಂದು ಇಟ್ಟುಕೊಳ್ಳೋಣ. ಹೆಂಡತಿಯೂ ಇಬ್ಬರು ಗಂಡುಮಕ್ಕಳೂ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ. ಅವನು ಏನನ್ನೂ ಬರೆದಿಡದೆ ತೀರಿಕೊಂಡರೆ ಈ ಐವರಿಗೂ ತಲಾ 2 ಎಕರೆ ಸಲ್ಲುತ್ತದೆ. ಅವನ ವೃದ್ಧ ತಾಯಿಯು ಬದುಕಿದ್ದರೆ ಆಕೆಯೂ ಸಮನಾದ ಪಾಲುಗಾರಳು; ಆಗ ಒಬ್ಬೊಬ್ಬರಿಗೆ 1 ಎಕರೆ 26 ಗುಂಟೆಗಿಂತ ತುಸು ಹೆಚ್ಚು ಬರುವುದು. ಅವನ ತಂದೆಯು ಬದುಕಿದ್ದರೆ ಮಾತ್ರ, ಆತನು ಮೊದಲನೆಯ ವರ್ಗದ ವಾರಸುದಾರರಲ್ಲಿ ಸೇರಿಲ್ಲವಾದ ಕಾರಣ, ಏನೂ ಬಾರದು. ಮಗನೊಬ್ಬನು ಮೊದಲೇ ತೀರಿಹೋಗಿದ್ದರೆ ಅವನ ಪಾಲು ಅವನ ವಿಧವೆಗೂ ಮಕ್ಕಳಿಗೂ ಹೋಗುತ್ತದೆ.

ಪಿತ್ರಾರ್ಜಿತವಾದರೆ ಮೊದಲು ತಂದೆ, ಗಂಡುಮಕ್ಕಳು, ಹೆಣ್ಣುಮಕ್ಕಳ ನಡುವೆ ಪಾಲಾಯಿತೆಂದು ಎಣಿಸಿ, ಅದರಲ್ಲಿ ತಂದೆಗೆ ಬೀಳುವ ಅಂಶವನ್ನು ಮಾತ್ರ ಅವನ ವಾರಸುದಾರರಿಗೆ ಹಂಚುತ್ತಾರೆ. ಉಯಿಲು ಬರೆಯುವವನು ಸಹ ಆ ತನ್ನ ಅಂಶವನ್ನು ಮಾತ್ರ ಬರೆದುಕೊಡಬಲ್ಲನು. ಇಡೀ ಹೊಲವನ್ನು ಬರೆದರೆ ಅದು ನಿಲ್ಲದು. ಇಲ್ಲಿ ಅನೇಕರಿಗೆ ಒಂದು ಭ್ರಮೆಯುಂಟು. ತಂದೆಯಿಂದ ಬಂದುದೆಲ್ಲವೂ ಪಿತ್ರಾರ್ಜಿತವೆಂದು ತಿಳಿಯುತ್ತಾರೆ. ತಂದೆಯ ಸ್ವಯಾರ್ಜಿತವು 1956ರ ಕಾಯಿದೆಯ ಪ್ರಕಾರ ಮಗನಿಗೆ ವಾರಸಿನಿಂದ ಬಂದಿದ್ದರೆ, ಅದು ಅವನ ಸ್ವಂತದ್ದೇ ಹೊರತು ಮೊಮ್ಮಕ್ಕಳಿಗೆ ಅದರಲ್ಲಿ ಹುಟ್ಟಿನ ಹಕ್ಕಿಲ್ಲವೆಂದು 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಆದುದರಿಂದ ಯಾವ ಹೊಲವು ಯಾವ ದಾರಿಯಿಂದ ಬಂದಿತೆಂಬುದನ್ನು ಹಳೆಯ ಪತ್ರಗಳಿಂದ ತಿಳಿದುಕೊಳ್ಳುವುದೇ ವ್ಯವಸ್ಥೆಯ ಮೊದಲ ಮೆಟ್ಟಿಲು.

ಕಾನೂನಿನ ಈ ಹಂಚಿಕೆಯು ನ್ಯಾಯವಾದುದು. ಆದರೆ ಕಾನೂನಿಗೆ ಮನೆಯ ಒಳಮಾತು ತಿಳಿಯದು. ಹಿರಿಯ ಮಗನು ಓದನ್ನು ಬಿಟ್ಟು ನೇಗಿಲು ಹಿಡಿದುದರಿಂದಲೇ ಕಿರಿಯನು ಪಟ್ಟಣದಲ್ಲಿ ಓದಿ ನೌಕರಿಗೆ ಸೇರಿದನೆಂಬುದು ಅದಕ್ಕೆ ಗೊತ್ತಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಮೂರು ವರ್ಷ ಎತ್ತಿ ಇಳಿಸಿದ ಸೊಸೆ ಯಾರೆಂಬುದು ಗೊತ್ತಿಲ್ಲ. ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಗಳಿಗೆ ತಲೆಯ ಮೇಲೊಂದು ಸೂರು ಬೇಕೆಂಬುದು ಗೊತ್ತಿಲ್ಲ. ಬುದ್ಧಿಮಾಂದ್ಯನಾದ ಕಿರಿಮಗನಿಗೆ ಜೀವನಪರ್ಯಂತ ಆಸರೆ ಬೇಕೆಂಬುದೂ ಗೊತ್ತಿಲ್ಲ. ಇವೆಲ್ಲ ತಿಳಿದಿರುವುದು ತಂದೆತಾಯಿಗಳಿಗೆ ಮಾತ್ರ. ತಿಳಿದವರು ಬಾಯಿಬಿಡದೆ ಹೋದರೆ, ತಿಳಿಯದ ಕಾನೂನು ತಲೆಯೆಣಿಸಿ ಹಂಚುತ್ತದೆ. ಆ ಮೇಲೆ ಕಾನೂನನ್ನು ದೂರಿ ಫಲವಿಲ್ಲ.

ಆದುದರಿಂದಲೇ ಬರೆದಿಡುವ ಅಧಿಕಾರವನ್ನು ಕಾನೂನು ಗೃಹಸ್ಥನಿಗೆ ಕೊಟ್ಟಿದೆ. ಹಳೆಯ ಮೈಸೂರು ಸೀಮೆಯಲ್ಲಿ ಉಯಿಲು ಅಥವಾ ಮರಣಶಾಸನವೆಂದೂ, ಧಾರವಾಡ ಬೆಳಗಾವಿಗಳ ಕಡೆ ಮೃತ್ಯುಪತ್ರವೆಂದೂ ಕರೆಯುವುದು ಇದನ್ನೇ. ಇದಕ್ಕೆ ಛಾಪಾ ಕಾಗದವು ಬೇಕಿಲ್ಲ. ಬಿಳಿಯ ಹಾಳೆಯೇ ಸಾಕು. ಬರೆಯುವವನಿಗೆ 18 ವರ್ಷ ತುಂಬಿರಬೇಕು, ಬುದ್ಧಿಯು ಸ್ಥಿಮಿತದಲ್ಲಿರಬೇಕು. ಅವನು ಸಹಿ ಮಾಡಬೇಕು ಅಥವಾ ಹೆಬ್ಬೆಟ್ಟು ಒತ್ತಬೇಕು. ಅದನ್ನು ಕಣ್ಣಾರೆ ಕಂಡ, ಇಲ್ಲವೇ ಇದು ತನ್ನದೇ ಸಹಿಯೆಂದು ಅವನ ಬಾಯಿಂದ ಕೇಳಿದ ಇಬ್ಬರು ಸಾಕ್ಷಿದಾರರು ಅವನ ಎದುರಿನಲ್ಲಿ ತಮ್ಮ ಸಹಿ ಹಾಕಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಕೇಳುವುದು ಇಷ್ಟನ್ನೇ. ಸಾಕ್ಷಿದಾರರು ಒಳಗಿನ ಒಕ್ಕಣೆಯನ್ನು ಓದಬೇಕಾದ ಅಗತ್ಯವಿಲ್ಲ. ಆದರೆ ಮುಂದೆ ವಿವಾದವೆದ್ದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುವುದರಿಂದ, ಬರೆಯುವವನಿಗಿಂತ ಕಿರಿಯ ವಯಸ್ಸಿನವರೂ ಸಮೀಪದಲ್ಲಿ ವಾಸಿಸುವವರೂ ಸೊತ್ತಿನಲ್ಲಿ ಪಾಲಿಲ್ಲದವರೂ ಆಗಿರುವುದು ಲೇಸು. ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆ, ಚೆಕ್ಕುಬಂದಿಗಳನ್ನೂ ಮನೆಯ ಖಾತೆಯ ಸಂಖ್ಯೆಯನ್ನೂ ಬ್ಯಾಂಕಿನ ಠೇವಣಿಗಳನ್ನೂ ಒಡವೆಗಳ ವಿವರವನ್ನೂ, ವಿಶೇಷವಾಗಿ ಸಾಲಗಳನ್ನೂ ಸ್ಪಷ್ಟವಾಗಿ ನಮೂದಿಸಬೇಕು. ತಾರೀಖನ್ನು ಮರೆಯಬಾರದು, ಏಕೆಂದರೆ ಎಷ್ಟು ಸಲವಾದರೂ ತಿದ್ದಿ ಬರೆಯಬಹುದು, ಕಡೆಯದೇ ಊರ್ಜಿತ.

ರಿಜಿಸ್ಟರು ಮಾಡಿಸುವುದು ಕಡ್ಡಾಯವಲ್ಲ; ಮಾಡಿಸಿದರೆ ಸಂದೇಹವು ಕಡಿಮೆಯಾಗುವುದು. ಜೀವವಿರುವಾಗ ಒಕ್ಕಣೆಯು ಯಾರಿಗೂ ತಿಳಿಯಬಾರದೆಂದು ಬಯಸುವವರು ಅರಗಿನ ಮುದ್ರೆಯೊತ್ತಿದ ಲಕೋಟೆಯಲ್ಲಿ ಅದನ್ನು ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿ ಇಡಲು 1908ರ ನೋಂದಣಿ ಕಾಯಿದೆಯಲ್ಲಿಯೇ ಅವಕಾಶವುಂಟು.

ಉಯಿಲುಗಳು ಕೋರ್ಟಿನಲ್ಲಿ ಬೀಳುವುದು ಬಹುಮಟ್ಟಿಗೆ ಒಂದೇ ಕಾರಣದಿಂದ. ಮುದುಕನು ಹಾಸಿಗೆ ಹಿಡಿದ ಮೇಲೆ, ಜೊತೆಯಲ್ಲಿರುವ ಒಬ್ಬ ಮಗನು ತಾನೇ ಬರಹಗಾರನನ್ನು ಕರೆಸಿ, ತಾನೇ ಸಾಕ್ಷಿದಾರರನ್ನು ಗೊತ್ತುಮಾಡಿ, ಸೊತ್ತಿನ ಬಹುಭಾಗವನ್ನು ತನಗೇ ಬರೆಯಿಸಿಕೊಳ್ಳುತ್ತಾನೆ. ಮೈಸೂರಿನ ಹೈಕೋರ್ಟಿನಿಂದ ಮೇಲಕ್ಕೆ ಹೋದ ಒಂದು ಉಯಿಲಿನ ಮೊಕದ್ದಮೆಯಲ್ಲಿ 1958ನೆಯ ಇಸವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಷಯವನ್ನು ವಿವರವಾಗಿ ಚರ್ಚಿಸಿತು. ಹೆಚ್ಚು ಲಾಭ ಹೊಂದುವವನೇ ಬರೆಯಿಸಲು ಮುಂದಾಗಿದ್ದರೆ, ಎದ್ದ ಸಂಶಯವನ್ನು ನಿವಾರಿಸುವ ಭಾರವು ಅವನ ಮೇಲೆಯೇ ಬೀಳುವುದೆಂಬ ಅದರ ಮಾತನ್ನು ಇಂದಿಗೂ ದೇಶದ ನ್ಯಾಯಾಲಯಗಳು ಅನುಸರಿಸುತ್ತವೆ. ಕೈಕಾಲು ಗಟ್ಟಿಯಿರುವಾಗ, ಬುದ್ಧಿಯು ತಿಳಿಯಾಗಿರುವಾಗ, ತಾನಾಗಿ ಬರೆದಿಟ್ಟವನಿಗೆ ಈ ಭಯವಿಲ್ಲ. ಒಬ್ಬ ಮಗನಿಗೆ ಹೆಚ್ಚು ಕೊಡುವುದಾದರೆ ಅದರ ಕಾರಣವನ್ನೂ ಎರಡು ಸಾಲಿನಲ್ಲಿ ಬರೆಯುವುದು ಹಿತ. ಕಡಿಮೆ ಪಡೆದವನಿಗೆ ಹಣಕ್ಕಿಂತಲೂ ಹೆಚ್ಚಾಗಿ ನೋಯುವುದು ಕಾರಣ ತಿಳಿಯದಿರುವುದು.

ಈ ಅಧಿಕಾರವು ಇಬ್ಬಾಯಿಯ ಕತ್ತಿಯಂತಿದೆ ಎಂಬುದನ್ನೂ ಮುಚ್ಚಿಡಬಾರದು. ಹೆಣ್ಣುಮಕ್ಕಳಿಗೆ ಪಾಲು ಬಂದಿತೆಂದು ತಿಳಿದೊಡನೆಯೇ ಅವರನ್ನು ಹೊರಗಿಡುವುದಕ್ಕಾಗಿಯೇ ಉಯಿಲು ಬರೆಯುವ ತಂದೆಗಳುಂಟು. ಇನ್ನು ಕೆಲವೆಡೆ ಹಬ್ಬಕ್ಕೆಂದು ತವರಿಗೆ ಕರೆಸಿ, ಸೀರೆ ಕುಪ್ಪಸ ಉಡಿಸಿ, ಉಡಿ ತುಂಬಿ, ಮರುದಿನವೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿಸುವುದೂ ಉಂಟು. ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆಯಿಂದ ಹಾಕಿದ ಆ ಸಹಿಯನ್ನು ಪ್ರೀತಿಯ ತ್ಯಾಗವೆಂದು ಕರೆಯುವುದು ಆತ್ಮವಂಚನೆ. ಮಗಳು ಎಲ್ಲವನ್ನೂ ತಿಳಿದು ತಾನಾಗಿ ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ, ಅದನ್ನು ಬೇಡವೆನ್ನುವವರಾರು? ಆದರೆ ಬಿಟ್ಟುಕೊಡುವುದಕ್ಕೆ ಮೊದಲು ಅದು ತನ್ನದೆಂದು ಅವಳಿಗೆ ತಿಳಿದಿರಬೇಕು.

ಹೆಣ್ಣುಮಕ್ಕಳು ತಮ್ಮ ಸೊತ್ತಿಗೆ ತಾವೇ ಉಯಿಲು ಬರೆಯಬೇಕೆಂಬುದು ಇನ್ನೂ ಅನೇಕರ ಲಕ್ಷ್ಯಕ್ಕೆ ಬಂದಿಲ್ಲ. 2009ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಒಬ್ಬ ಹೆಣ್ಣುಮಗಳಿಗೆ 1955ರಲ್ಲಿ ಮದುವೆಯಾಯಿತು. ಮೂರು ತಿಂಗಳೊಳಗಾಗಿ ಗಂಡನು ಹಾವು ಕಚ್ಚಿ ಸತ್ತನು. ಅತ್ತೆಯ ಮನೆಯವರು ಅವಳನ್ನು ಹೊರಗೆ ಹಾಕಿದರು. ಅವಳು ತವರಿನಲ್ಲಿ ನಿಂತು, ಓದಿ, ಉದ್ಯೋಗಕ್ಕೆ ಸೇರಿ, ನಾಲ್ಕು ದಶಕಗಳ ಕಾಲ ಬಾಳಿ, 1996ರಲ್ಲಿ ಏನನ್ನೂ ಬರೆದಿಡದೆ ತೀರಿಕೊಂಡಳು. ಅವಳು ಕೂಡಿಟ್ಟಿದ್ದ ಬ್ಯಾಂಕಿನ ಹಣವೂ ಭವಿಷ್ಯನಿಧಿಯೂ ಯಾರಿಗೆ ಸಲ್ಲಬೇಕು? ಹೆತ್ತ ತಾಯಿಯು ಕೇಳಿದಳು. ಎಂದೋ ಸತ್ತ ಗಂಡನ ಸೋದರಿಯ ಮಕ್ಕಳೂ ಕೇಳಿದರು. ಮಕ್ಕಳಿಲ್ಲದ ವಿಧವೆಯ ಸ್ವಯಾರ್ಜಿತವು ಗಂಡನ ವಾರಸುದಾರರಿಗೇ ಮೊದಲು ಹೋಗತಕ್ಕದ್ದೆಂದು 1956ರ ಕಾಯಿದೆಯ ಹದಿನೈದನೆಯ ಕಲಮು ಹೇಳುವುದರಿಂದ, ನ್ಯಾಯಾಲಯವು ಮನಸ್ಸಿನಲ್ಲಿ ಮರುಕಪಟ್ಟರೂ, ಹೊರಗೆ ಹಾಕಿದವರ ಕಡೆಗೇ ತೀರ್ಪು ಕೊಡಬೇಕಾಯಿತು. ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಇಬ್ಬರ ಸಾಕ್ಷಿ ಹಾಕಿಸಿದ್ದರೆ ಆ ತಾಯಿಗೆ ಈ ದುಃಖವು ಬರುತ್ತಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳುವ, ಆಸ್ಪತ್ರೆಯಲ್ಲಿ ದುಡಿಯುವ, ಅಂಗಡಿ ನಡೆಸುವ ಶರಣೆಯರು ಈ ಸಭೆಯಲ್ಲಿಯೂ ಅನೇಕರಿದ್ದಾರೆ. ಅವರು ಇದನ್ನು ಮನಸ್ಸಿಟ್ಟು ಕೇಳಬೇಕು.

ಬ್ಯಾಂಕಿನಲ್ಲಿ ನಾಮಿನಿಯ ಹೆಸರು ಬರೆಯಿಸಿರುವುದರಿಂದ ಉಯಿಲು ಬೇಡವೆಂಬುದು ಇನ್ನೊಂದು ತಪ್ಪು ತಿಳುವಳಿಕೆ. ನಾಮಿನಿಯು ಹಣವನ್ನು ಪಡೆದುಕೊಳ್ಳುವ ಕೈಯೇ ಹೊರತು ಅದರ ಒಡೆಯನಲ್ಲ; ಪಡೆದುದನ್ನು ವಾರಸುದಾರರಿಗೆ ಒಪ್ಪಿಸತಕ್ಕವನು. 1983ರಲ್ಲಿಯೇ ಜೀವವಿಮೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೀಗೆ ಹೇಳಿತು. 2015ರ ತಿದ್ದುಪಡಿಯ ತರುವಾಯ ವಿಮೆಯಲ್ಲಿ ಮಾತ್ರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ಹಣವು ಅವರದೇ ಆಗುವುದು. ಬ್ಯಾಂಕಿನ ಠೇವಣಿಗಳಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸುವ ಸೌಕರ್ಯವು ಬಂದಿದೆ. ಉಯಿಲಿನಲ್ಲಿ ಬರೆದ ಹೆಸರೂ ನಾಮಿನಿಯ ಹೆಸರೂ ಒಂದೇ ಆಗಿದ್ದರೆ ತೊಡಕೇ ಇಲ್ಲ.

ಹಳ್ಳಿಗಳಲ್ಲಿ ಇದಕ್ಕಿಂತ ದೊಡ್ಡ ತೊಡಕು ಪಹಣಿಯದು. ಅಜ್ಜನು ತೀರಿ ಮೂವತ್ತು ವರ್ಷವಾದರೂ ಹೊಲವು ಅಜ್ಜನ ಹೆಸರಿನಲ್ಲಿಯೇ ಇರುತ್ತದೆ. ಉಳುವವರು ಮೊಮ್ಮಕ್ಕಳು, ಕಾಗದದಲ್ಲಿ ಒಡೆಯನು ಸತ್ತವನು. ಬೆಳೆಸಾಲವನ್ನು ಕೇಳಹೋದಾಗ, ಬೆಳೆನಾಶದ ಪರಿಹಾರವನ್ನು ಹಂಚುವಾಗ, ಈ ಉದಾಸೀನದ ಫಲವು ಕಾಣುತ್ತದೆ. ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗಾಗಿ ವರದಿ ಕೊಡತಕ್ಕದ್ದೆಂದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯಲ್ಲಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷಗಳೊಡನೆ ಅರ್ಜಿ ಕೊಟ್ಟು ಪೌತಿ ಖಾತೆ ಮಾಡಿಸುವುದು ಒಂದೆರಡು ಸಲದ ಓಡಾಟದಿಂದ ಆಗುವ ಕೆಲಸ. ಎರಡು ತಲೆಮಾರು ಕಳೆದ ಮೇಲೆ ವಂಶವೃಕ್ಷದ ಕೊಂಬೆಗಳು ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಹರಡಿ, ನಲವತ್ತು ಜನರ ಸಹಿ ಬೇಕಾಗುತ್ತದೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಬರೆಯಿಸುವ ಜಾಣತನವು ಮುಂದೆ ಮೊಕದ್ದಮೆಯಾಗಿಯೇ ತಿರುಗಿ ಬರುವುದು.

ಪಂಚರ ಮುಂದೆ ಬಾಯಿಮಾತಿನಲ್ಲಿ ಪಾಲಾದ ಮನೆಗಳೂ ಬಹಳ. ಹಿಂದೆ ಮಾತಿಗೆ ಬೆಲೆಯಿತ್ತು. ಇಂದು ಬಾಯಿಮಾತಿನ ವಿಭಾಗವನ್ನು ಸರಕಾರಿ ದಾಖಲೆಗಳ ಬೆಂಬಲವಿಲ್ಲದೆ ನ್ಯಾಯಾಲಯವು ಸುಲಭವಾಗಿ ಒಪ್ಪುವುದಿಲ್ಲ. ಪಾಲು ಪಾರಿಖತ್ತನ್ನು ಬರೆಯಿಸಿ ರಿಜಿಸ್ಟರು ಮಾಡಿಸುವುದೇ ಕ್ಷೇಮ. ಎಳೆಯ ಮಕ್ಕಳಿರುವ ಮನೆಯಲ್ಲಿ, ತಂದೆತಾಯಿಗಳಿಗೆ ಏನಾದರೂ ಆದರೆ ಅವರನ್ನು ಸಲಹತಕ್ಕವರು ಯಾರೆಂಬುದನ್ನು ಉಯಿಲಿನಲ್ಲಿ ಹೆಸರಿಸಬೇಕು. ಅಪ್ರಾಪ್ತ ವಯಸ್ಕರ ಜಮೀನನ್ನು ಕೋರ್ಟಿನ ಅಪ್ಪಣೆಯಿಲ್ಲದೆ ಹೆತ್ತವರು ಕೂಡ ಮಾರುವಂತಿಲ್ಲ.

ಕೆಲವು ಹಿರಿಯರು, ಮುಂದಿನ ಜಗಳವೇ ಬೇಡವೆಂದು, ಬದುಕಿರುವಾಗಲೇ ಎಲ್ಲವನ್ನೂ ಮಕ್ಕಳಿಗೆ ದಾನಪತ್ರದ ಮೂಲಕ ಬರೆದುಕೊಟ್ಟು ಬರಿಗೈಯಾಗುತ್ತಾರೆ. ಉಯಿಲು ಜೀವವಿರುವವರೆಗೆ ತನ್ನ ಕೈಯಲ್ಲಿರುವ ಕಾಗದ. ದಾನಪತ್ರವು ರಿಜಿಸ್ಟರಾದೊಡನೆಯೇ ಕೈಬಿಟ್ಟ ಬಾಣ. ಬರೆದುಕೊಟ್ಟ ವರ್ಷವೇ ಊಟದ ತಟ್ಟೆಯು ಹಿತ್ತಲ ಕೋಣೆಗೆ ಹೋದ ವೃದ್ಧರ ಕತೆಗಳು ಊರಿಗೊಂದಿವೆ. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯು, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಸೊತ್ತನ್ನು, ಆ ಷರತ್ತು ಮುರಿದಾಗ ಹಿಂದಕ್ಕೆ ಪಡೆಯುವ ಮಾರ್ಗವನ್ನು ತೋರಿಸಿದೆ; ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು. ಆದರೆ ಷರತ್ತು ಆ ಪತ್ರದಲ್ಲಿಯೇ ಬರೆದಿರುವುದು ಕ್ಷೇಮ. ತಾವು ವಾಸಿಸುವ ಮನೆಯನ್ನೂ ಜೀವನಕ್ಕೆ ಬೇಕಾದಷ್ಟನ್ನೂ ಗಂಡಹೆಂಡಿರಿಬ್ಬರ ಕಡೆಯ ಉಸಿರಿನವರೆಗೆ ತಮ್ಮ ಕೈಯಲ್ಲಿಯೇ ಇಟ್ಟುಕೊಳ್ಳುವುದು ಲೋಭವಲ್ಲ, ವಿವೇಕ.

ಕಡೆಯದಾಗಿ ದಾನಧರ್ಮದ ವಿಷಯ. ಮಕ್ಕಳಿಲ್ಲದವರೂ ಇದ್ದವರೂ ಮಠಕ್ಕೆ, ಪ್ರಸಾದನಿಲಯಕ್ಕೆ, ವಿದ್ಯಾಶಾಲೆಗೆ ಏನನ್ನಾದರೂ ಸಲ್ಲಿಸಬೇಕೆಂದು ಬಯಸುವುದು ಸಹಜ. ಅದರಲ್ಲಿ ತ್ಯಾಗವೀರ ಶಿರಸಂಗಿ ಲಿಂಗರಾಜರು ತೋರಿದ ದಾರಿಯನ್ನು ಸ್ಮರಿಸದಿರುವುದು ಹೇಗೆ? 1861ರಲ್ಲಿ ಹುಟ್ಟಿ, ಸವದತ್ತಿ ಸೀಮೆಯ ಶಿರಸಂಗಿಯ ದೇಸಗತಿಗೆ ದತ್ತಕರಾಗಿ ಬಂದ ಅವರು, 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದರು. ಮಕ್ಕಳಿಲ್ಲದ ಅವರು 1906ರಲ್ಲಿ ತೀರಿಕೊಳ್ಳುವುದಕ್ಕೆ ಮುನ್ನ ಬರೆದಿಟ್ಟ ಮೃತ್ಯುಪತ್ರದಲ್ಲಿ ತಮ್ಮ ಆಸ್ತಿಯನ್ನು ಸಮಾಜದ ಬಡ ವಿದ್ಯಾರ್ಥಿಗಳ ವಿದ್ಯೆಗೆ ಮೀಸಲಿಟ್ಟರು. 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಆ ಹಾಳೆಯೊಂದನ್ನು ಬರೆಯದೆ ಹೋಗಿದ್ದರೆ ದೇಸಗತಿಯು ಹತ್ತರಲ್ಲಿ ಹನ್ನೊಂದಾಗಿ ಕರಗುತ್ತಿತ್ತು. ಹೆಸರಿಲ್ಲದ ಹಳ್ಳಿಗಳ ಹುಡುಗರಿಗೆ ವಿದ್ಯೆಯ ಬಾಗಿಲು ತೆರೆಯುತ್ತಿರಲಿಲ್ಲ.

ಆದರೆ ಎಲ್ಲರ ಮನೆಯೂ ಒಂದೇ ತೆರನಲ್ಲ. ಹೆಂಡತಿಯ ಮುಪ್ಪಿಗೆ ಆಧಾರವನ್ನು ಕಲ್ಪಿಸದೆ, ಮಕ್ಕಳ ನ್ಯಾಯವಾದ ಪಾಲನ್ನು ಕಡಿದು, ಸಾಲಗಾರರಿಗೆ ಸಲ್ಲಬೇಕಾದುದನ್ನು ಸಲ್ಲಿಸದೆ ಮಠಕ್ಕೆ ಬರೆದುಕೊಟ್ಟ ಹೊಲವು ದಾಸೋಹದ ಹೊಲವಾಗಲಾರದು. ವಿಧವೆಯ ಕಣ್ಣೀರಿನಿಂದ 
ತೊಯ್ದ ಧಾನ್ಯವು ಪ್ರಸಾದಕ್ಕೆ ಸಲ್ಲದು. ಮೊದಲು ಸಾಲ, ಬಳಿಕ ಹೆಂಡತಿ ಮಕ್ಕಳು ಹಾಗೂ ವೃದ್ಧರಾದ ತಂದೆತಾಯಿಗಳು, ಆ ಮೇಲೆ ಉಳಿದುದರಲ್ಲಿ ಧರ್ಮಕಾರ್ಯ. ಈ ಕ್ರಮವನ್ನು ಮೀರಿ ಕೊಡುವ ದಾನವನ್ನು ಯಾವ ಮಠವೂ ಅಪೇಕ್ಷಿಸಬಾರದು, ಯಾವ ಭಕ್ತನೂ ಕೊಡಬಾರದು.

ಸದ್ಭಕ್ತರೇ, ಮಾಡಬೇಕಾದುದು ಇಷ್ಟೇ. ಈ ಜಾತ್ರೆಯಿಂದ ಊರಿಗೆ ಮರಳಿದ ಮೇಲೆ ಒಂದು ಸಂಜೆ ಲಿಂಗಪೂಜೆಯನ್ನು ಮುಗಿಸಿ, ಗಂಡಹೆಂಡಿರು ಕೂಡಿ ಕುಳಿತು ಟ್ರಂಕಿನಲ್ಲಿರುವ ಪತ್ರಗಳನ್ನು ಹೊರಗೆ ತೆಗೆಯಲಿ. ಯಾವುದು ಸ್ವಯಾರ್ಜಿತ, ಯಾವುದು ಪಿತ್ರಾರ್ಜಿತ, ಯಾರಿಗೆಷ್ಟು ಸಾಲ ಕೊಡಬೇಕು, ಯಾರಿಂದೆಷ್ಟು ಬರಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಲಿ. ಮಕ್ಕಳನ್ನೂ, ಕೊಟ್ಟ ಮನೆಯಿಂದ ಹೆಣ್ಣುಮಕ್ಕಳನ್ನೂ ಕರೆಸಿ ಎಲ್ಲರ ಎದುರಿನಲ್ಲಿ ಅದನ್ನು ಓದಲಿ. ಸೊಸೆಯಂದಿರೂ ಅಳಿಯಂದಿರೂ ಕೇಳಲಿ. ತರುವಾಯ ನಂಬಿಕೆಯ ವಕೀಲರಿಂದ ಮೇಲೆ ಹೇಳಿದ ಕ್ರಮದಲ್ಲಿ ಬರೆಯಿಸಿ, ಸಾಕ್ಷಿ ಹಾಕಿಸಿ, ಅದು ಎಲ್ಲಿದೆಯೆಂಬುದನ್ನು ಇಬ್ಬರಿಗಾದರೂ ತಿಳಿಸಿಡಲಿ. ಅಂದು ಮನೆಯಲ್ಲಿ ನಾಲ್ಕು ಕಠಿಣವಾದ ಮಾತುಗಳು ಬಂದಾವು. ಕೆಲವರ ಕಣ್ಣು ತುಂಬೀತು. ಆದರೆ ಅವನ್ನು ಕೇಳಿ ಸಮಾಧಾನ ಹೇಳುವುದಕ್ಕೆ ಯಜಮಾನನು ಎದುರಿನಲ್ಲಿಯೇ ಇರುತ್ತಾನೆ. ಅದೇ ಮಾತುಗಳು ಶಿವಗಣಾರಾಧನೆಯ ದಿನ ಬಂದರೆ ಉತ್ತರ ಕೊಡುವವರಾರು?

ಹೊಲವನ್ನು ಹದ ಮಾಡಿ ಮಕ್ಕಳ ಕೈಗೆ ಕೊಡುವವನು, ಅದರ ಜೊತೆಗೆ ಅವರ ಅಕ್ಕತಂಗಿ ಅಣ್ಣತಮ್ಮಂದಿರ ಪ್ರೀತಿಯನ್ನೂ ಹದವಾಗಿಯೇ ಕೊಟ್ಟುಹೋಗಲಿ. ಶ್ರೀಗುರುವಿನ ಕೃಪೆಯಿಂದ ಭಕ್ತರ ಮನೆಮನೆಗಳಲ್ಲಿ ಆ ವಿವೇಕವು ನೆಲೆಗೊಳ್ಳಲಿ.